ಉಳಿ ಬರುವವರೆಗೆ

ಕೈಗಳ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದ ಹಿರಿಯರಿಗೆ ಈ ವರ್ಷ ಅರಸೀಕೆರೆಯಲ್ಲೇ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ಪೇಟ ಎಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ಈ ಸಲ ಪೇಟ ಏರುವುದು ನನ್ನ ಗುರುಗಳ ತಲೆಗೆ ಎಂದು ತಿಳಿದಾಗ, ಅಭಿನಂದನೆಯ ಮಾತಾಡುವ ಅವಕಾಶವನ್ನು ನಾನೇ ಕೇಳಿ ಪಡೆದೆ. ಅವರ ಪದವಿಗಳ ಪಟ್ಟಿ ಓದಲಿಲ್ಲ, ಒಂದು ಬೆರಳಿನ ಕಥೆ ಹೇಳಿದೆ.

ನಾನಾಗ ಅವರ ಸಣ್ಣ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದೆ. ಹಳೇಬೀಡಿನಿಂದ ಒಬ್ಬ ಶಿಲ್ಪಿ ಬಂದರು. ಕಲ್ಲು ಕೊಯ್ಯುವ ಮೆಷಿನ್ ಅವರ ಎಡಗೈ ತೋರುಬೆರಳಿನ ನಡುವಿನ ಕೀಲನ್ನೇ ಪುಡಿ ಮಾಡಿತ್ತು. ಆ ಕೀಲು ಇನ್ನೆಂದೂ ಮಡಿಸಲು ಬರುವುದಿಲ್ಲ. ಯಾವುದಾದರೂ ಒಂದು ಬಾಗಿನಲ್ಲಿ ಮೂಳೆಗಳನ್ನು ಶಾಶ್ವತವಾಗಿ ಕೂಡಿಸಬೇಕು. ಎಷ್ಟು ಬಾಗಿರಬೇಕೆಂದು ನನಗೆ ಬಾಯಿಪಾಠವಾಗಿತ್ತು, ಅಪ್ಪಟ ಪುಸ್ತಕದ ಬದನೆಕಾಯಿ.

ಗುರುಗಳು ಶಿಲ್ಪಿಯನ್ನು ಕೇಳಿದ್ದು ಒಂದೇ ಮಾತು. "ಈ ಬೆರಳು ಏನು ಕೆಲಸ ಮಾಡುತ್ತೆ?"

"ಉಳಿ ಹಿಡೀತೈತೆ ಸ್ವಾಮಿ. ಅದು ಹೋದ್ರೆ ನಾನೇ ಹೋದಂಗೆ."

"ಹಂಗಾದ್ರೆ ಉಳಿ ತರಿಸಿ."

ಗಾಯ ತೊಳೆದು ಕಟ್ಟಿ, ಬಸ್ಸಿನಲ್ಲಿ ಬರಬೇಕಾದ ಉಳಿಗಾಗಿ ಕಾದೆವು. ಒಂದು ಉಳಿಗಾಗಿ ಆಪರೇಷನ್ ನಿಲ್ಲಿಸಿದ್ದಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಂದ ಉಳಿಯನ್ನು ಕತ್ತರಿ, ಇಕ್ಕಳಗಳ ಜೊತೆ ಸ್ಟೆರಿಲೈಸರ್‌ಗೆ ಹಾಕಿಸಿದರು. ಬೆರಳನ್ನಷ್ಟೇ ಮರಗಟ್ಟಿಸಿ, ಎಚ್ಚರವಾಗಿದ್ದ ಶಿಲ್ಪಿಯ ಕೈಗೆ ಉಳಿಯನ್ನು ಕೊಟ್ಟು, ಒಡೆದ ಬೆರಳನ್ನು ತಾವೇ ಅದರ ಮೇಲೆ ಕೂರಿಸಿದರು.

"ಹಿಂಗಾ?"

"ಇನ್ನೊಂಚೂರು ಒಳಕ್ಕೆ."

"ಈಗ?"

"ಈಗ ಸರಿಯಾಯ್ತು ನೋಡಿ."

ಆ ಬಾಗಿನಲ್ಲೇ ತಂತಿ ಹಾಕಿ ಮೂಳೆಗಳನ್ನು ಕೂಡಿಸಿದರು. ಅಷ್ಟು ದೊಡ್ಡ ವಿದ್ಯೆಯನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ನೋಡಿರಲಿಲ್ಲ. ಆ ಶಿಲ್ಪಿ ಈಗಲೂ ಕೆತ್ತುತ್ತಿದ್ದಾರೆ.

ಇಷ್ಟು ಹೇಳಿ ಕೂತೆ. ಸಭೆ ಚಪ್ಪಾಳೆ ತಟ್ಟಿತು. ಗುರುಗಳು ಎದ್ದು ಮೈಕಿನ ಮುಂದೆ ನಿಂತು ನನ್ನ ಕಡೆಗೇ ತಿರುಗಿದರು.

"ಅದು ನನ್ನ ಬುದ್ಧಿ ಅಲ್ಲ ಕಣಯ್ಯಾ. ಅದಕ್ಕೂ ಮೊದಲು ಗಂಡಸಿ ಊರಿನ ಕಡೆಯ ಒಬ್ಬರು ಅಮ್ಮನಿಗೆ ಇದೇ ಬೆರಳನ್ನ ಪುಸ್ತಕದಲ್ಲಿದ್ದ ಹಾಗೇ ಕೂಡಿಸಿದ್ದೆ. ಆಮೇಲೆ ಒಂದಿನ ಬಂದು, 'ಬೆರಳೇನೋ ಚೆಂದಾಗೈತೆ ಸ್ವಾಮಿ. ಹಾಲು ಕರೆಯಕ್ಕೆ ಕೂತ್ರೆ ಕೆಚ್ಚಲಿಗೆ ಚುಚ್ತೈತೆ, ಹಸ ಒದೀತೈತೆ. ಇನ್ಮುಂದೆ ಬರೋರ್ನ ಕೇಳಿ ಮಾಡಿ' ಅಂದ್ರು. ಪಾಠ ಹೇಳಿದ್ದು ಅವರು. ಈ ಶಾಲೂ ಅವರದೇ."

ಪೇಟ ತೆಗೆದು ಮೇಜಿನ ಮೇಲಿಟ್ಟು ಕೂತರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತೋಚಲಿಲ್ಲ.

ನಾನೂ ಎಷ್ಟೋ ಕೈಗಳನ್ನು ಹೊಲಿದಿದ್ದೇನೆ. ಹಾಗೆ ತಿರುಗಿ ಬಂದು ನನ್ನ ತಪ್ಪು ಹೇಳಿದವರು ಒಬ್ಬರೂ ಇಲ್ಲ. ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಅವತ್ತು ಆ ವೇದಿಕೆಯ ಮೇಲೆ ಕೂತು ಮೊದಲ ಸಲ ನನಗೆ ಭಯವಾಯಿತು.