ರೌಟರಿಗೆ ದೊಡ್ಡಮ್ಮ ಹೊಲಿದ ಗವಸು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವುದಿಲ್ಲ. ಮಿಕ್ಸಿಗೆ ಗವಸು, ಟೀವಿಗೆ ಗವಸು, ಬಟ್ಟೆ ಒಗೆಯುವ ಮೆಷಿನ್ನಿಗೆ ಜೇಬಿರುವ ಗವಸು. ಎಲ್ಲವನ್ನೂ ಹೊಲಿದವರು ದೊಡ್ಡಮ್ಮ. ನಡುಮನೆಯ ಕಿಟಕಿಯ ಪಕ್ಕ ಅವರ ಹೊಲಿಗೆ ಮೆಷಿನ್ನು, ಎದುರಿಗೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿ ಹಲಗೆ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಅದು ಒಗೆತಕ್ಕೆ ಬಣ್ಣ ಬಿಡುತ್ತದೋ ಇಲ್ಲವೋ ಹೇಳಿಬಿಡುತ್ತಾರೆ. ಮನೆಯ ಪರದೆ, ಕುರ್ಚಿ, ಗೋಡೆಯ ಬಣ್ಣ ಎಲ್ಲವೂ ಅವರ ಆಯ್ಕೆಯೇ. ಏನು ಕೊಳ್ಳುವುದಿದ್ದರೂ ಅಜ್ಜಿ, "ದೊಡ್ಡವಳನ್ನ ಒಂದು ಮಾತು ಕೇಳಿ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ದೊಡ್ಡಮ್ಮ ಮೆಷಿನ್ ನಿಲ್ಲಿಸಿ, ಕನ್ನಡಕ ಮೇಲೇರಿಸಿ, ಕೇಳಲು ಬರುವವರಿಗಾಗಿ ಕಾಯುತ್ತಿದ್ದರು.

ಹಳೆಯ ರೌಟರ್ ಕೈಕೊಟ್ಟಾಗ ಮಾತ್ರ ಎಲ್ಲರೂ ಅವರನ್ನು ದಾಟಿಕೊಂಡು ಮಹಡಿ ಹತ್ತಿದರು. ಅಲ್ಲಿ ಚಿಕ್ಕಮ್ಮ, ಅಂದರೆ ದೊಡ್ಡಮ್ಮನ ಓರಗಿತ್ತಿ, ಕಂಪ್ಯೂಟರಿನ ಮುಂದೆ ಕೂತು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. "ಚಿಕ್ಕವಳಿಗೆ ಇದೆಲ್ಲ ಗೊತ್ತಿರುತ್ತೆ" ಎಂದರು ಅಜ್ಜಿ.

ದೊಡ್ಡಮ್ಮನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗಲೇ. ಇಂಟರ್ನೆಟ್ ಅವರಿಗೂ ಬೇಕಿತ್ತು. ಊರು ಬಿಟ್ಟು ಹೋದ ಹಳೆಯ ಗಿರಾಕಿಗಳು ವಿಡಿಯೊ ಕರೆ ಮಾಡಿ, ಫೋನಿನ ಎದುರು ನಿಂತು ತಾವೇ ಅಳತೆ ಟೇಪು ಹಿಡಿಯುತ್ತಾರೆ. ದೊಡ್ಡಮ್ಮ ಇಲ್ಲಿಂದ, "ಬಿಗಿ ಹಿಡೀಬೇಡಿ, ಉಸಿರು ಬಿಡಿ, ಈಗ ಹೇಳಿ" ಅನ್ನುತ್ತಾರೆ. ಟೇಪು ಕೂತಿದ್ದನ್ನು ಕಣ್ಣಾರೆ ನೋಡದೆ ಅವರು ಬಟ್ಟೆಗೆ ಕತ್ತರಿ ಹಾಕುವವರಲ್ಲ. ಆದರೂ ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದು ಚಿಕ್ಕಮ್ಮ ಒಬ್ಬರೇ, ಅದೂ ಬೇರೆಯದನ್ನು.

"ಅಕ್ಕ, ನಿಮ್ಮ ಟೇಪು ಸ್ವಲ್ಪ ಕೊಡ್ತೀರಾ? ಗೋಡೆ ಎಷ್ಟು ದಪ್ಪ ಇದೆ ನೋಡ್ಬೇಕು."

ಕೊರಳಲ್ಲಿದ್ದ ಟೇಪನ್ನು ದೊಡ್ಡಮ್ಮ ಒಡವೆ ಬಿಚ್ಚಿಕೊಟ್ಟಂತೆ ಕೊಟ್ಟರು. ಚಿಕ್ಕಮ್ಮ ಮನೆಯೆಲ್ಲ ಓಡಾಡಿ ಅಳೆದರು. ಯಾರು ಎಲ್ಲಿ ಕೂರುತ್ತಾರೆ, ಒಂದೇ ಹೊತ್ತಿಗೆ ಎಷ್ಟು ಜನ ಬಳಸುತ್ತಾರೆ ಎಂದು ವಿಚಾರಿಸಿದರು. ನೋಡುತ್ತಿದ್ದ ದೊಡ್ಡಮ್ಮ, "ಇನ್ನೇನು, ಗೋಡೆಗೂ ರವಿಕೆ ಹೊಲೀತಾಳೆ" ಎಂದು ಮೂಗು ಮುರಿದರು.

ಅಂಗಡಿಗೆ ಇಬ್ಬರೂ ಹೋದರು. ದೊಡ್ಡಮ್ಮನ ಕಣ್ಣು ನೇರವಾಗಿ ಒಂದು ಕಪ್ಪು ರೌಟರಿನ ಮೇಲೆ ಬಿತ್ತು. ಮೈತುಂಬ ಆಂಟೆನಾ, ಕಾಲು ಮೇಲೆ ಮಾಡಿ ಬಿದ್ದ ಜೇಡದ ಹಾಗಿತ್ತು.

"ಇದು ಕೊಡಿ. ಕೊಂಬು ಜಾಸ್ತಿ ಇದ್ರೆ ಶಕ್ತಿ ಜಾಸ್ತಿ ತಾನೇ?"

"ಕೊಂಬಿಗಿಂತ, ಎಲ್ಲರೂ ಒಟ್ಟಿಗೆ ಬಳಸಿದಾಗ ಸಮನಾಗಿ ಹಂಚೋಕೆ ಬರುತ್ತಾ ಅನ್ನೋದು ಮುಖ್ಯ ಅಕ್ಕ" ಎಂದರು ಚಿಕ್ಕಮ್ಮ. "ಜೊತೆಗೆ ಎರಡು ದಾರಿ ಇರ್ಬೇಕು. ಗೋಡೆ ದಾಟಿ ದೂರ ಹೋಗೋಕೊಂದು, ಹತ್ತಿರದವರಿಗೆ ವೇಗವಾಗಿ ಕೊಡೋಕೊಂದು." ಅವರು ತೋರಿಸಿದ್ದು ಒಂದು ಬಿಳಿ ಡಬ್ಬಿ. ನೋಡಲು ಸೋಪಿನ ಪೆಟ್ಟಿಗೆ.

ಅಂಗಡಿಯವನು ಅದನ್ನೇ ಹೊಗಳಿದ. "ಸರಿಹೋಗ್ಲಿಲ್ಲ ಅಂದ್ರೆ ಒಂದು ವಾರದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ."

"ಹಾಗಾದ್ರೆ ಆ ಕರಿದನ್ನ ಯಾರಿಗೂ ಕೊಡ್ಬೇಡಿ" ಎಂದರು ದೊಡ್ಡಮ್ಮ.

ಬಿಳಿ ಡಬ್ಬಿ ಮೆಟ್ಟಿಲ ತಿರುವಿನಲ್ಲಿ, ಚಿಕ್ಕಮ್ಮನ ಕೋಣೆಯ ಹತ್ತಿರ ಕೂತಿತು. ಕೂತದ್ದೇ ತಡ, ಮನೆಯಲ್ಲಿ ಹಬ್ಬ. ದೊಡ್ಡಪ್ಪನ ಕ್ರಿಕೆಟ್ಟು ಎಲ್ಲೂ ನಿಲ್ಲದೆ ಓಡಿತು. "ಚಿಕ್ಕವಳ ಆಯ್ಕೆ ಅಂದ್ರೆ ಆಯ್ಕೆ!" ಎಂದು ಅವರು ಟೀವಿಯ ಮುಂದಿನಿಂದಲೇ ಕೂಗಿದರು. ಸ್ವಂತ ಗಂಡ! ದೊಡ್ಡಮ್ಮನ ಸೂಜಿ ಅವತ್ತು ಎರಡು ಸಲ ಮುರಿಯಿತು. ಮೆಟ್ಟಿಲು ಹತ್ತುವಾಗ ಆ ಹಸಿರು ದೀಪ ಮಿಣುಕುವುದು ಕಂಡರೆ ಅವರಿಗೆ ಕಣ್ಣು ಮಿಟುಕಿಸಿ ಅಣಕಿಸಿದಂತೆ ಆಗುತ್ತಿತ್ತು. ಅದಕ್ಕೆ ಗವಸು ಹೊಲಿಯುವ ಮಾತನ್ನೇ ಅವರು ಎತ್ತಲಿಲ್ಲ. ಅಜ್ಜಿಯೇ ಎತ್ತಿದರು.

"ಏನೇ, ಮನೇಲಿರೋದಕ್ಕೆಲ್ಲ ಬಟ್ಟೆ ಹಾಕಿದೀಯ, ಅದೊಂದು ಯಾಕೆ ಬೆತ್ತಲೆ ಕೂತಿದೆ? ಮಲತಾಯಿ ಅಂದ್ಕೊಳ್ಳಲ್ವಾ ಜನ?"

ದೊಡ್ಡಮ್ಮ ತುಂಡುಬಟ್ಟೆಯ ಚೀಲಕ್ಕೆ ಕೈ ಹಾಕಿದರು. ಮೊದಲು ಸಿಕ್ಕಿದ್ದು ಹೂವಿನ ಚಂದದ ಹತ್ತಿಬಟ್ಟೆ. ಇಷ್ಟು ಒಳ್ಳೆಯದು ಅದಕ್ಕೇಕೆ ಎನಿಸಿ ಒಳಗೆ ತುರುಕಿದರು. ಆಮೇಲೆ ಬಂದದ್ದು ಇಸ್ತ್ರಿ ಹಲಗೆಗೆ ಹೊದಿಸಿ ಉಳಿದಿದ್ದ ಬೆಳ್ಳಿಬಣ್ಣದ ದಪ್ಪ ಬಟ್ಟೆ, ಯಾವ ಉಡುಪಿಗೂ ಬಾರದ್ದು. ಇದು ಸಾಕು ಅಂದುಕೊಂಡರು. ಆದರೆ ಕೆಟ್ಟದಾಗಿ ಹೊಲಿಯಲು ಅವರ ಕೈಗೆ ಬರುವುದಿಲ್ಲ. ಅಂಚಿಗೆ ಪಟ್ಟಿ ಕೊಟ್ಟು, ವೈರಿಗೆ ಒಪ್ಪವಾಗಿ ಕಿಂಡಿ ಬಿಟ್ಟು ಮುಗಿಸಿ, ಬಿಳಿ ಡಬ್ಬಿಗೆ ತೊಡಿಸಿದರು.

ಮರುದಿನದಿಂದ ಎಲ್ಲ ಕೆಟ್ಟಿತು. ಚಿಕ್ಕಮ್ಮನ ಪಾಠದಲ್ಲಿ ಮಕ್ಕಳು ಆಕಳಿಸುತ್ತ ಹಾಗೇ ನಿಂತುಬಿಟ್ಟರು. ದೊಡ್ಡಪ್ಪನ ಬೌಲರ್ ಗಾಳಿಯಲ್ಲೇ ತೂಗಾಡಿದ. "ಅಯ್ಯೋ ಪಾಪ" ಎಂದರು ದೊಡ್ಡಮ್ಮ. ಅವತ್ತು ಅವರ ಮೆಷಿನ್ನು ಹಾಡು ಗುನುಗಿದಂತೆ ಓಡುತ್ತಿತ್ತು.

ಬಿಸಿ ಅವರಿಗೂ ತಟ್ಟಿತು. ದೂರದ ಆಸ್ಪತ್ರೆಯ ನರ್ಸಮ್ಮನಿಗೆ ಒಂದು ಕೋಟು ಹೊಲಿಯಬೇಕಿತ್ತು. ಅವರು ಭುಜಕ್ಕೆ ಟೇಪು ಹಿಡಿದು ನಿಂತೊಡನೆ ಚಿತ್ರ ಕಲ್ಲಾಗುತ್ತಿತ್ತು, ಮಾತು ತುಂಡಾಗುತ್ತಿತ್ತು. "ಹೀಗೇ ಆದ್ರೆ ಇಲ್ಲೇ ಯಾರಿಗಾದ್ರೂ ಕೊಡ್ತೀನಮ್ಮ" ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ದೊಡ್ಡಮ್ಮ ಅದನ್ನೂ ನುಂಗಿಕೊಂಡರು. ಯಾಕೆಂದರೆ ಅದೇ ಸಂಜೆ ಅಜ್ಜಿ, "ದೊಡ್ಡವಳು ಹೇಳಿದ್ದನ್ನೇ ತರ್ಬೇಕಿತ್ತು. ನಾಳೆ ಹೋಗಿ ಬದಲಾಯಿಸ್ಕೊಂಡು ಬನ್ನಿ" ಎಂದಿದ್ದರು.

ಬೆಳಿಗ್ಗೆ ಚಿಕ್ಕಮ್ಮ ಮುಖ ಸಣ್ಣದು ಮಾಡಿಕೊಂಡು, ಖಾಲಿ ಪೆಟ್ಟಿಗೆ ಹಿಡಿದು ಮೆಟ್ಟಿಲ ಮೇಲೆ ಕೂತರು. ಕೆಳಗೆ ದೊಡ್ಡಮ್ಮನ ಮೇಜಿನ ಮೇಲೆ, ಕೊನೆಯ ಪ್ರಯತ್ನವೆಂದು ಕರೆ ಮಾಡಿದ್ದ ನರ್ಸಮ್ಮ ಟೇಪು ಹಿಡಿದು ಕಲ್ಲಾಗಿ ನಿಂತಿದ್ದರು. ಚಿಕ್ಕಮ್ಮ ಗವಸು ತೆಗೆದು ಮಡಿಚತೊಡಗಿದರು.

"ಬಂತು! ಔಟ್!" ಎಂದು ದೊಡ್ಡಪ್ಪ ಕೂಗಿದರು.

ಮೇಜಿನ ಮೇಲಿಂದ ನರ್ಸಮ್ಮ, "ಅಮ್ಮಾ, ಕಾಣ್ತಿದೀನಾ?" ಎಂದರು.

ವೈರನ್ನು ಇನ್ನೂ ಕಿತ್ತಿರಲಿಲ್ಲ. ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಚಿಕ್ಕಮ್ಮ ಗವಸನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು, ಥೇಟ್ ದೊಡ್ಡಮ್ಮನ ಹಾಗೆ.

"ಅಕ್ಕ, ಇದು ಇಸ್ತ್ರಿ ಹಲಗೇದು ಅಲ್ವಾ? ಈ ಲೋಹದ ಲೇಪ ಶಾಖಾನ ಹೇಗೆ ವಾಪಸ್ ತಳ್ಳುತ್ತೋ, ಸಿಗ್ನಲ್ಲನ್ನೂ ಹಾಗೇ ತಡೆದಿದೆ."

"ಪಾಪ, ಅದಕ್ಕೆ ಉಸಿರು ಕಟ್ಟಿತ್ತು" ಎಂದರು ಅಜ್ಜಿ.

"ಬೇಕಂತಲೇ ಹಾಕಿದ್ಯೇನೇ?" ದೊಡ್ಡಪ್ಪ ನಕ್ಕರು. ದೊಡ್ಡಮ್ಮನ ಮುಖ ಕಿವಿಯವರೆಗೂ ಕೆಂಪೇರಿತು.

"ಬಿಡಿ ಭಾವ, ನಂಗೇ ಹೊಳೀಲಿಲ್ಲ, ಅವರಿಗೆ ಹೇಗೆ ಗೊತ್ತಾಗ್ಬೇಕು?" ಎಂದರು ಚಿಕ್ಕಮ್ಮ. ಮತ್ತೆ ಗವಸನ್ನು ಪಕ್ಕಕ್ಕಿಟ್ಟು, "ಇದನ್ನ ಇಲ್ಲಿಡೋದೇ ತಪ್ಪು ಅಕ್ಕ. ಅಳೆದಾಗ್ಲೇ ಗೊತ್ತಾಯ್ತು, ಮನೆಗೆಲ್ಲ ನಡುಮಧ್ಯ ಅಂದ್ರೆ ನಿಮ್ಮ ಮೆಷಿನ್ ಮೇಲಿನ ಶೆಲ್ಫು. ಅಲ್ಲಿಡ್ಲಾ ಅಂತ ಕೇಳೋಕೆ ಭಯ ಆಯ್ತು" ಎಂದರು.

"ಭಯಾನಾ? ನಾನೇನು ತಿಂದುಬಿಡ್ತೀನಾ?" ಎಂದರು ದೊಡ್ಡಮ್ಮ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಈ ಒಳ್ಳೆಯತನಕ್ಕೆ ಏನು ಮಾಡುವುದು? ಅದೂ ಓರಗಿತ್ತಿಗೇ ಇರಬೇಕೇ? ಕಿಚ್ಚು ಆರಲಿಲ್ಲ. ಆದರೂ ಎದ್ದು ಶೆಲ್ಫಿನ ದಾರದುಂಡೆಗಳನ್ನು ಪಕ್ಕಕ್ಕೆ ಸರಿಸಿದರು.

ಮೇಲೆ ಏನೂ ಮುಚ್ಚಬಾರದು, ಬಿಸಿಯಾಗುತ್ತದೆ ಎಂದು ಚಿಕ್ಕಮ್ಮ ಹೇಳಿದ್ದರಿಂದ, ದೊಡ್ಡಮ್ಮ ಅದರ ಕೆಳಗೆ ಹಾಸಲು ಒಂದು ಪುಟ್ಟ ಹಾಸು ಹೊಲಿದರು. ಚೀಲದೊಳಗೆ ತುರುಕಿದ್ದ ಆ ಹೂವಿನ ಬಟ್ಟೆಯದೇ.

ಕೋಟು ಕೈಸೇರಿದ ಮೇಲೆ ನರ್ಸಮ್ಮ ಅದನ್ನು ತೊಟ್ಟು ತೋರಿಸಿದರು. ಭುಜ ಅಚ್ಚುಕಟ್ಟಾಗಿ ಕೂತಿತ್ತು. "ಈಗ ಎಷ್ಟು ಚೆನ್ನಾಗಿ ಕಾಣುತ್ತಮ್ಮ! ಹೊಸ ರೌಟರಾ? ಯಾರು ಆರಿಸಿದ್ದು?"

ದೊಡ್ಡಮ್ಮ ದಾರವನ್ನು ಹಲ್ಲಿನಿಂದ ಕಡಿದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಚಿಕ್ಕಮ್ಮ ಇಳಿದು ಬರುತ್ತಿದ್ದರು.

"ನನ್ನ ಓರಗಿತ್ತಿ" ಎಂದರು. ಆಮೇಲೆ ಧ್ವನಿ ಸ್ವಲ್ಪ ಏರಿಸಿ, "ಆದ್ರೆ ಜಾಗ ನಂದು" ಎಂದರು.