ಸರೋಜಾ ಆಂಟಿ ಕತ್ತರಿಸಿದ ಗ್ಯಾಸ್ಕೆಟ್

ಇವತ್ತು ಬೆಳಗ್ಗೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರೋ ಕಾರಿನ ಆಯಿಲ್ ಬದಲಾಯಿಸುತ್ತಿದ್ದರು. ಆ ವಾಸನೆಗೆ ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕುಳಿತಿತು.

ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಪೋರ್ಷನ್ನಿನಲ್ಲಿ ಗೆಳತಿ ಸುಮಾ ಇದ್ದಳು. ಒಂದು ಭಾನುವಾರ ಅವಳ ಅಪ್ಪ ತಮ್ಮ ಹಳೇ ಕಾರಿನ ಆಯಿಲ್ ಪಂಪ್ ಬಿಚ್ಚಿದರು. ಪಂಪಿಗೂ ಎಂಜಿನ್ನಿಗೂ ನಡುವೆ ಇರುವ ತೆಳ್ಳನೆಯ ಕಾಗದದ ಗ್ಯಾಸ್ಕೆಟ್ ಹರಿದು ಎಣ್ಣೆ ಸೋರುತ್ತಿತ್ತು. ಸುಮಾಳ ಅಮ್ಮ ಸರೋಜಾ ಆಂಟಿ ಮೆಟ್ಟಿಲ ಮೇಲೆ ಕುಳಿತು, ಹರಿದದ್ದನ್ನೇ ಅಳತೆಗಿಟ್ಟುಕೊಂಡು, ಬ್ಲೌಸ್ ಹೊಲಿಯುವ ಕತ್ತರಿಯಲ್ಲಿ ಹೊಸ ಗ್ಯಾಸ್ಕೆಟ್ ಕತ್ತರಿಸತೊಡಗಿದರು.

"ಸ್ವಲ್ಪ ಲೂಸ್ ಇರ್ಲೇನ್ರೀ?" ಎಂದು ಕೇಳಿದರು.

"ಬೇಡ, ಟೈಟಾಗೇ ಇರ್ಲಿ. ಇದು ನಿನ್ನ ಥರ ದಪ್ಪ ಆಗಲ್ಲ," ಎಂದರು ಕಾರಿನಡಿಯಿಂದ ಅಂಕಲ್.

ಆಂಟಿ ಕತ್ತರಿಸಿದ ಚೂರೊಂದನ್ನು ಅವರ ಕಾಲಿಗೆ ಎಸೆದು ನಕ್ಕರು. ಸುಮಾ ತಲೆಯೆತ್ತದೆ ಕಡಲೆಕಾಯಿ ಬಿಡಿಸುತ್ತಿದ್ದಳು. ನಾನು ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡುತ್ತಿರಲಿಲ್ಲ. ಆದರೆ "ಊಟಕ್ಕೆ ಬನ್ನಿ" ಎನ್ನುವುದು ಬಿಟ್ಟರೆ ಮಾತೂ ಇರಲಿಲ್ಲ.

ಸಂಜೆ ಕಾರು ಸ್ಟಾರ್ಟ್ ಆಯಿತು, ಎಣ್ಣೆ ಸೋರಲಿಲ್ಲ. "ಬಾರೇ, ಒಂದು ರೌಂಡ್ ಹೋಗ್ಬರೋಣ," ಎಂದು ಆಂಟಿ ನನ್ನನ್ನೂ ಕರೆದರು.

"ಬೇಡ ಆಂಟಿ, ನಮ್ಮನೇಲೂ ಎಲ್ರೂ ಹೊರಗೆ ಹೋಗ್ತಾ ಇದೀವಿ," ಎಂದು ಸುಳ್ಳು ಹೇಳಿ ಒಳಗೆ ಹೋದೆ. ಅಪ್ಪ ಪೇಪರ್ ಓದುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

ಈಗಷ್ಟೇ ಸುಮಾಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಯಾವ ಭಾನುವಾರನೇ? ಅವರು ದಿನಾ ಹಂಗೇ ಇರ್ತಿದ್ರಲ್ಲ," ಎಂದಳು.

ಅವಳಿಗೆ ನೆನಪೇ ಇಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.