ಸೋದರತ್ತೆಯ ಹೊಟ್ಟೆ ಮತ್ತು ಬೆನ್ನು

ನನ್ನ ಹೊಟ್ಟೆಗೊಂದು ಕಾಯಿಲೆ ಇದೆ. ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ, ಮಾಡಿಸದೆ ಇದ್ದರೆ ಸುಮ್ಮನಿರುವುದಿಲ್ಲ. ಕರುಳು ಸಿಡುಕಿನದು ಎಂದರು ಹೊಟ್ಟೆಯ ಡಾಕ್ಟರು. ಇದರಿಂದ ಯಾರೂ ಸಾಯುವುದಿಲ್ಲ, ಆದರೆ ಇದು ಪೂರ್ತಿ ಹೋಗುವುದೂ ಇಲ್ಲ ಎಂದರು. ಸಿಡುಕಿನವಳು ನಾನೂ ಹೌದು, ಹೇಗೋ ಇಬ್ಬರೂ ಹೊಂದಿಕೊಂಡು ಹೋಗಬಹುದಿತ್ತು. ಆದರೆ ಹೊಸ್ತಿಲು ದಾಟಿದರೆ ಸಾಕು, ಅದು ನನ್ನ ಮಾತು ಕೇಳುವುದನ್ನು ಬಿಡುತ್ತಿತ್ತು.

ಸೊಲ್ಲಾಪುರದಿಂದ ನನ್ನ ತವರು ಅಕ್ಕಲಕೋಟ ಎಷ್ಟು ದೂರ ಎಂದು ಕೇಳಿದರೆ ಉಳಿದವರು ತಾಸಿನ ಲೆಕ್ಕ ಹೇಳುತ್ತಾರೆ. ನಾನು ಪೆಟ್ರೋಲ್ ಪಂಪುಗಳನ್ನು ಹೇಳುತ್ತಿದ್ದೆ. ಯಾವುದರ ಸಂಡಾಸಿಗೆ ಚಿಲಕವಿದೆ, ಯಾವುದರ ಬಾಗಿಲನ್ನು ಕಾಲಿನಿಂದ ಒತ್ತಿಕೊಂಡು ಕೂರಬೇಕು, ಎಲ್ಲ ಬಾಯಿಪಾಠವಾಗಿತ್ತು. ಹಿಂದಿನ ದಿನದಿಂದ ಉಪವಾಸ, ಚೀಲದಲ್ಲಿ ಮಾತ್ರೆ, ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಲು ಬಾಡಿಗೆ ಕಾರು. ಬರಬರುತ್ತ ಅದೂ ಬೇಡವಾಗಿ ತವರಿಗೆ ಹೋಗುವುದನ್ನೇ ಬಿಟ್ಟೆ.

ಹೀಗಿರುವಾಗ ಎಷ್ಟೋ ವರ್ಷ ಕಾದ ಮೇಲೆ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೋ ಯಾರಿಗೂ ಗೊತ್ತಿಲ್ಲ, ಆದರೆ ಗುದ್ದುವುದನ್ನು ಯಾರೂ ಮರೆಯುವುದಿಲ್ಲ. ಆ ಕೂಸಿಗೆ ಇರುವ ಒಬ್ಬಳೇ ಸೋದರತ್ತೆ ನಾನು. ಹೆಸರಿಡುವುದನ್ನು ಮೂರನೇ ತಿಂಗಳಿಗೆ ಇಟ್ಟುಕೊಂಡಿದ್ದರು. ನನ್ನ ಹೊಟ್ಟೆಯ ಸಮಾಚಾರ ಬಲ್ಲ ತಮ್ಮ ಫೋನು ಮಾಡಿದ.

"ಅಕ್ಕಾ, ನೀ ತ್ರಾಸ ತಗೋಬ್ಯಾಡ. ವಿಡಿಯೋ ಕಾಲ್ ಮ್ಯಾಲೇ ಹೆಸರು ಹೇಳಿಬಿಡು. ಮೊಬೈಲ್ ಕೂಸಿನ ಕಿವಿಗಿ ಹಿಡೀತೀವಿ."

ಅವನು ಪ್ರೀತಿಯಿಂದಲೇ ಹೇಳಿದ. ನನಗೆ ಮಾತ್ರ ಎದೆ ಒಡೆದಂತಾಯಿತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ನಮ್ಮದು ಟವೆಲ್, ಚಾದರಗಳ ವ್ಯಾಪಾರ, ಅಳುವವರಿಗೆ ಯಾವ ಕೊರತೆಯೂ ಇಲ್ಲ.

ಹೊಟ್ಟೆಯ ಡಾಕ್ಟರು ಈ ಸಲ ಮಾತ್ರೆ ಬರೆಯಲಿಲ್ಲ. ಮನಸ್ಸಿನ ಚಿಕಿತ್ಸೆ ಮಾಡುವ ಒಬ್ಬ ಮ್ಯಾಡಮ್ ಹತ್ತಿರ ಕಳಿಸಿದರು. ಹೊಟ್ಟೆ ನೋವಿಗೆ ತಲೆಯ ಡಾಕ್ಟರು ಯಾಕೆ ಎಂದು ಮನೆಗೆ ಬಂದವರನ್ನೆಲ್ಲ ನನ್ನ ಅತ್ತೆ ಕೇಳಿದರು.

ಮ್ಯಾಡಮ್ ಚಿಕ್ಕ ವಯಸ್ಸಿನವರು, ಮರಾಠಿಯಲ್ಲಿ ನಿಧಾನವಾಗಿ ಮಾತಾಡುವವರು. ಕಾಯಿಲೆಯನ್ನು ನಾನು ತೆಗೆಯಲಾರೆ, ಅದರ ಮೇಲೆ ಕೂತಿರುವ ಹೆದರಿಕೆಯನ್ನು ಒಂದಿಷ್ಟು ಇಳಿಸಬಹುದು ಎಂದರು. ಬಸ್ಸಿನಲ್ಲಿ ಹೊಟ್ಟೆ ಗುಡುಗಿದರೆ ಏನಾಗುತ್ತದೆಂದು ನಿಮಗೆ ಅನಿಸುತ್ತದೆ ಎಂದು ಕೇಳಿದರು. ಬಸ್ಸು ನಿಲ್ಲುವುದಿಲ್ಲ, ಎಲ್ಲರೆದುರು ಆಗಬಾರದ್ದು ಆಗುತ್ತದೆ, ಸುದ್ದಿ ನನಗಿಂತ ಮೊದಲು ಅಕ್ಕಲಕೋಟ ಮುಟ್ಟುತ್ತದೆ, ಮುಂದೆ ನನ್ನ ಮಗನಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದೆ. ಮಗ ಆಗ ಐದನೇ ಇಯತ್ತೆಯಲ್ಲಿದ್ದ. ಇಷ್ಟು ವರ್ಷಗಳಲ್ಲಿ ಹಾಗೆ ಎಷ್ಟು ಸಲ ಆಗಿದೆ ಎಂದು ಕೇಳಿದರು. ಯೋಚಿಸಿದೆ. ಒಮ್ಮೆಯೂ ಆಗಿರಲಿಲ್ಲ. ನನಗೆ ಸಿಟ್ಟೇ ಬಂತು. ಫೀಸು ನಾನು ಕೊಟ್ಟು ಉತ್ತರವನ್ನೂ ನಾನೇ ಹೇಳಬೇಕೆ?

ಉಪವಾಸ ಇರುತ್ತಿದ್ದೆನಲ್ಲ, ಅದಕ್ಕೇ ಆಗಿಲ್ಲ ಎಂದು ವಾದಿಸಿದೆ. ಮ್ಯಾಡಮ್ ಅದನ್ನೇ ಕಾಯುತ್ತಿದ್ದವರಂತೆ ನಕ್ಕರು. ಹಾಗಾದರೆ ಉಂಡು ನೋಡೋಣ ಎಂದರು. ಕಾರು ಬೇಡ, ಸುಮ್ಮನೆ ಧೈರ್ಯಕ್ಕೆಂದು ನುಂಗುವ ಮಾತ್ರೆಯೂ ಬೇಡ. ಊಟ ಮಾಡಿ ಎಸ್‌ಟಿ ಬಸ್ಸು ಹತ್ತಬೇಕು, ಅಕ್ಕಲಕೋಟದ ಹಾದಿಯಲ್ಲಿ ಸಿಗುವ ಕುಂಭಾರಿಯಲ್ಲಿ ಇಳಿದು ವಾಪಸ್ ಬರಬೇಕು. ಹೋಗುವ ಮುಂಚೆ ಏನಾಗುತ್ತದೆಂದು ಬಾಯಿಬಿಟ್ಟು ಹೇಳಬೇಕು, ಬಂದ ಮೇಲೆ ಏನಾಯಿತೆಂದು ಹೇಳಬೇಕು.

ಅತ್ತೆ ಇದನ್ನು ವ್ರತ ಎಂದು ತಿಳಿದರು. ಇದರಲ್ಲಿ ಉಳ್ಳಾಗಡ್ಡಿ ನಡೆಯುತ್ತದೆಯೇ ಎಂದು ವಿಚಾರಿಸಿದರು. ಹೊಟ್ಟೆ ತುಂಬ ಉಣ್ಣುವುದೇ ಇದರ ನೇಮ ಎಂದು ತಿಳಿದಾಗ ಅವರಿಗೆ ಮ್ಯಾಡಮ್ ಮೇಲೆ ಭಕ್ತಿ ಹುಟ್ಟಿತು. ವಯಸ್ಸಾದವರಿಗೆ ಎಸ್‌ಟಿಯಲ್ಲಿ ಪುಕ್ಕಟೆ, ಹಾಗಾಗಿ ಜೋಳದ ಭಕ್ರಿ, ಶೇಂಗಾ ಚಟ್ನಿ ಕಟ್ಟಿಕೊಂಡು ತಾವೇ ಜೊತೆಗೆ ಹೊರಟರು. ಬಸ್ಸು ಬಿಟ್ಟ ಕೂಡಲೇ, "ಹೇಳವಾ, ಇವತ್ತ ಏನ್ ಆಗತದ?" ಎಂದು ಎಲ್ಲರಿಗೂ ಕೇಳಿಸುವಂತೆ ಶುರು ಮಾಡುತ್ತಿದ್ದರು.

ಅತ್ತೆ ಸೊಸೆ ಕುಂಭಾರಿಯಲ್ಲಿ ಇಳಿಯುವುದು, ಒಂದಿಷ್ಟು ಹೊತ್ತು ಆಚೀಚೆ ಹೊಲ ನೋಡುತ್ತ ನಿಲ್ಲುವುದು, ಬಂದ ಬಸ್ಸು ಹತ್ತಿ ವಾಪಸ್ಸಾಗುವುದು. ವಾರ ವಾರ ಇದನ್ನು ನೋಡಿದ ಕಂಡಕ್ಟರನಿಗೆ ಒಂದೇ ಅರ್ಥ ಹೊಳೆಯಿತು, ಇವರು ಪ್ಲಾಟು ನೋಡುತ್ತಿದ್ದಾರೆ. ಆ ಸುದ್ದಿ ಅಂಗಡಿಗೆ ಬಂತು, ಅದರ ಹಿಂದೆಯೇ ಒಬ್ಬ ದಲಾಲನೂ ಬಂದ. ನನ್ನ ಗಂಡನಿಗೆ ಹೊಟ್ಟೆ ಎನ್ನುವುದಕ್ಕಿಂತ ಪ್ಲಾಟು ಎನ್ನುವುದು ಸುಲಭವಾಯಿತು. ಹೌದು, ನೋಡುತ್ತಿದ್ದೇವೆ ಎಂದುಬಿಟ್ಟರು. ಈಗಲೂ ಆ ದಲಾಲ ಹಬ್ಬಕ್ಕೆ ತಪ್ಪದೆ ಶುಭಾಶಯ ಕಳಿಸುತ್ತಾನೆ.

ಒಂದು ಸಲ ಮಾತ್ರ ಕುಂಭಾರಿಯಲ್ಲಿ ಹೊಟ್ಟೆ ನಿಜವಾಗಿಯೂ ತಿರುಗಿತು. ಪೆಟ್ರೋಲ್ ಪಂಪು ದೂರ. ಬೇರೆ ದಾರಿ ಕಾಣದೆ ಎದುರಿಗೆ ಕಂಡ ಮನೆಯ ಹೆಣ್ಣುಮಗಳನ್ನು ಕೇಳಿದೆ. ಆಕೆ ಬಕೆಟಿನಲ್ಲಿ ನೀರು ಇಟ್ಟುಕೊಟ್ಟಳು. ಹೊರಗೆ ಬಂದ ಮೇಲೆ ಚಹಾ ಕುಡಿಸಿ ಕುಂಕುಮ ಹಚ್ಚಿದಳು. ಏನಾಯಿತು ಎಂದು ಮ್ಯಾಡಮ್ ಕೇಳಿದಾಗ, ಚಹಾ ಬಹಳ ಸಿಹಿಯಾಗಿತ್ತು ಎಂದೆ.

ಹೆಸರಿಡುವ ದಿನ ಬಂತು. ಬೆಳಿಗ್ಗೆ ಚುರುಮುರಿಯ ಸುಸಲಾ ತಿಂದು ಎಸ್‌ಟಿ ಹತ್ತಿದೆವು. ಏನಾಗುತ್ತದೆ ಎಂದು ಅತ್ತೆ ಕೇಳಿದರು. ಎಲ್ಲರೆದುರು ಆಗಬಾರದ್ದು ಆಗುತ್ತದೆ ಎಂದು ಕಿವಿಯಲ್ಲಿ ಹೇಳಿದೆ. ಅತ್ತೆ ಭಕ್ರಿಯ ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, "ಆಗ್ಲಿ ತಗೋ" ಎಂದರು. ಕುಂಭಾರಿ ಬಂದಾಗ ಕಂಡಕ್ಟರ ಅಭ್ಯಾಸಬಲದಿಂದ ನಮಗಾಗಿ ಗಂಟೆ ಹೊಡೆದ. ಇಲ್ಲಪ್ಪ, ಇವತ್ತು ಮುಂದೆ ಹೋಗುವುದಿದೆ ಎಂದಾಗ ನನಗೇ ಹೆಮ್ಮೆ ಎನಿಸಿತು.

ಅಕ್ಕಲಕೋಟದ ಮನೆ ಕಿಕ್ಕಿರಿದು ತುಂಬಿತ್ತು. ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಕೊನೆಗೆ ನನ್ನ ಮಡಿಲಿಗಿಟ್ಟರು. ಬೆನ್ನ ಹಿಂದೆ ತಮ್ಮನ ಹೆಂಡತಿಯ ತವರಿನ ಹೆಂಗಸರು ಸಜ್ಜಾಗಿ ನಿಂತಿದ್ದರು, ಎಲ್ಲವೂ ದಿನಾ ಭಕ್ರಿ ಬಡಿದು ಪಳಗಿದ ಕೈಗಳು. ನಾನು ಬಾಗಿ ಕುರ್ರ್ ಎಂದು ಹೆಸರು ಹೇಳಿದೆ. ಗುದ್ದುಗಳು ಬಿದ್ದವು. ಹೊಟ್ಟೆಯೊಳಗೆ ಗುಡುಗಿತು. ಮರುಕ್ಷಣ ರೇಷ್ಮೆ ಸೀರೆಯ ಮಡಿಲೆಲ್ಲ ಬೆಚ್ಚಗೆ, ಒದ್ದೆ.

ಮುಗಿಯಿತು ಎಂದುಕೊಂಡೆ. ನನ್ನಿಂದಲೇ ಎಂದು ಒಂದಿಷ್ಟೂ ಸಂಶಯವಿರಲಿಲ್ಲ. ಮಗನ ಮದುವೆ ಕಣ್ಣೆದುರೇ ಮುರಿದುಬಿತ್ತು. ಆಗ ಕೂಸಿನ ಮುಖ ನೋಡಿದೆ. ಬಹಳ ದೊಡ್ಡ ಕೆಲಸ ಮುಗಿಸಿದವರ ಸಮಾಧಾನ ಅದರ ಮುಖದಲ್ಲಿತ್ತು.

ಎಲ್ಲರಿಗಿಂತ ಮೊದಲು ನಾನೇ ನಕ್ಕೆ. ನಗು ತಡೆಯಲಾಗದೆ ಕಣ್ಣೀರು ಬಂತು. ಹೆಂಗಸರು ಕೂಸಿಗೆ ಹೆಸರು ಪಸಂದ ಬಿದ್ದಿದೆ ಎಂದು ಇನ್ನೂ ನಾಲ್ಕು ಗುದ್ದು ಕೊಟ್ಟರು. ಸೀರೆ ತೊಳೆಯಲು ಬಚ್ಚಲಿಗೆ ಹೋದವಳು, ಹೋಗಿದ್ದೇ ಹೋಗಿದ್ದು ಎಂದು ಪಕ್ಕದ ಸಂಡಾಸಿನಲ್ಲಿ ನನ್ನ ಕೆಲಸವನ್ನೂ ಮುಗಿಸಿಕೊಂಡೆ. ಇಷ್ಟು ಹೊತ್ತೇಕೆ ಎಂದು ಯಾರೋ ಕೇಳಿದರು. ಜನ್ಮದಲ್ಲಿ ಮೊದಲ ಸಲ ನಿಂತು ಹೇಳಿದೆ, "ನನ್ನ ಹೊಟ್ಟಿ ಸರಿ ಇಲ್ರಿ, ಮೊದಲಿಂದೂ ಹಂಗ ಅದ." ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಒಬ್ಬರು ತಮ್ಮ ಮೂಲವ್ಯಾಧಿಯ ಕಥೆ ತೆಗೆದರು, ಇನ್ನೊಬ್ಬರು ಗ್ಯಾಸಿನ ಕಥೆ. ಊಟದ ಪಂಕ್ತಿಯಲ್ಲಿ ಕೂತ ಗಂಡಸರು ಎದ್ದು ಹೋಗುವಂತಾಯಿತು.

ಹೊಟ್ಟೆ ಈಗಲೂ ಸಿಡುಕುತ್ತದೆ. ಕೆಲವು ದಿನ ಅದೇ ಗೆಲ್ಲುತ್ತದೆ. ಆದರೆ ಅವತ್ತು ಸಂಜೆ ಉಡಿ ತುಂಬಿಸಿಕೊಂಡು ಹೊರಟಾಗ ತಮ್ಮ ಬಸ್ ಸ್ಟ್ಯಾಂಡಿನವರೆಗೆ ಬಂದ. ನಾಲ್ಕು ದಿನದಿಂದ ನಿದ್ದೆಗೆಟ್ಟ ಕಣ್ಣು, ಹೆಗಲ ಮೇಲೆ ನಮ್ಮದೇ ಅಂಗಡಿಯ ಟವೆಲ್, ಅದರ ಮೇಲೆ ಮಗಳದೇ ಇನ್ನೊಂದು ಕಲೆ. ನನ್ನ ಒದ್ದೆ ನಿರಿಗೆಯನ್ನು ಒಮ್ಮೆ ನೋಡಿದ, ಬಾಗಿದ ಬೆನ್ನನ್ನು ಒಮ್ಮೆ ನೋಡಿದ.

"ಮೊಬೈಲ್‌ನಾಗ ಇದ್ಯಾವ್ದೂ ಆಗ್ತಿದ್ದಿಲ್ಲ ಬಿಡಕ್ಕಾ" ಎಂದ.